ಭಾರ ನೋಡಿ ತಂದ ಡಬ್ಬಿ

ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಅಕ್ತರಬಿಯ ಮಗಳು ಜಾಸ್ಮಿನ್ ಕಂಪ್ಯೂಟರ್ ಕೊಳ್ಳುವುದೆಂದು ತೀರ್ಮಾನವಾದಾಗ, ಅಂಗಡಿಗೆ ನಾನೂ ಬರಬೇಕೆಂದು ಅವಳು ಹಟ ಹಿಡಿದಳು. ಅಂಗಡಿ ನನ್ನ ತಂಗಿಯ ಮಗ ಚನ್ನಬಸವರಾಜನದು. ಸಿರುಗುಪ್ಪದಿಂದ ಬಳ್ಳಾರಿಗೆ ಬಂದು, ಬಿಡಿಭಾಗಗಳನ್ನು ತರಿಸಿ ಗಿರಾಕಿಗೆ ಬೇಕಾದ ಹಾಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ.

"ನೀವು ಸುಮ್ಮನ ಕುಂತ್ರ ಸಾಕ್ರಿ ಅವ್ವಾರ, ಅವ್ರು ಸುಳ್ಳು ಹೇಳಂಗಿಲ್ಲ" ಎಂದಳು ಜಾಸ್ಮಿನ್.

ನಾನು ಕೂರದಿದ್ದರೂ ಅವನು ಸುಳ್ಳು ಹೇಳುವ ಹುಡುಗನಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿದೆ.

ಆ ಕಂಪ್ಯೂಟರ್ ಜಾಸ್ಮಿನ್‌ಗೆ ಆಟದ ಸಾಮಾನಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ತರಬಿ ಸಿರಿಗೇರಿಯಿಂದ ಮಕ್ಕಳನ್ನು ಕರೆದುಕೊಂಡು ಬಂದು ಹೊಲಿಗೆಯಿಂದ ಮನೆ ನಡೆಸಿದವಳು. ಮಗ ಅಕ್ರಮ್ ಅದಿರಿನ ಯಾರ್ಡಿನಲ್ಲಿ ಲಾರಿಗೆ ಮಾಲು ತುಂಬಿಸುವ ಕೆಲಸದಲ್ಲಿದ್ದ. ಜಾಸ್ಮಿನ್ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು. ಅಲ್ಲಿ ಹಿಂದಿನ ಜೇಬಿನ ಮೇಲೆ ಕಸೂತಿ ಹಾಕುವ ಯಂತ್ರಗಳಿಗೆ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಕೊಡಬೇಕು. ಊಟದ ಬಿಡುವಿನಲ್ಲಿ ನೋಡಿ ನೋಡಿಯೇ ಅವಳು ಅದನ್ನು ಕಲಿತಿದ್ದಳು. ಚಿತ್ರ ಬಿಡಿಸುವವನು ಕೆಲಸ ಬಿಟ್ಟು ಹೋದಾಗ ಕಾರ್ಖಾನೆಯ ಮಾಲೀಕ ಕೊಟ್ಟೂರಪ್ಪ ಅವಳಿಗೆ ಒಂದು ಮಾತು ಹೇಳಿದ್ದ. ಮನೆಯಲ್ಲೇ ಕೂತು ಹಬ್ಬದ ಮಾಲಿಗೆ ಹೊಸ ಚಿತ್ರಗಳನ್ನು ಮಾಡಿ ಶನಿವಾರ ತಂದು ತೋರಿಸಿದರೆ ಆ ಕೆಲಸ ಅವಳದೇ. ಇಲ್ಲವಾದರೆ ಹೊರಗಿನಿಂದ ಒಬ್ಬನನ್ನು ಕರೆಸುತ್ತಾನೆ, ಅವಳು ಮತ್ತೆ ದಾರಕ್ಕೆ.

ಚನ್ನು ನನ್ನನ್ನು ಕಂಡವನೇ ಎದ್ದು ಬಂದು, ಕುರ್ಚಿಯ ಮೇಲಿನ ಕೆಂಪು ಧೂಳನ್ನು ತನ್ನ ಕರವಸ್ತ್ರದಿಂದಲೇ ಒರೆಸಿದ. ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಸಕ್ಕರೆ ಕಡಿಮೆ ಹಾಕಿದ ಚಹಾ ತರಿಸಿದ. ನಾನು ಹೇಳಿರಲಿಲ್ಲ, ನೆನಪಿಟ್ಟಿದ್ದ. ಜಾಸ್ಮಿನ್ ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಉತ್ತರ ಕೊಟ್ಟ. ಅವಳಿಗೆ ಎಲ್ಲ ಭಾಗಗಳ ಹೆಸರೂ ಗೊತ್ತಿತ್ತು. ಒಂದೊಂದಾಗಿ ಆರಿಸಿ ಮುಗಿಸಿದ ಮೇಲೆ ಉಳಿದದ್ದು ಒಂದು ಲೋಹದ ಡಬ್ಬಿ. ಎಸ್‌ಎಂಪಿಎಸ್ ಅನ್ನುತ್ತಾರೆ. ಗೋಡೆಯ ಕರೆಂಟನ್ನು ತಾನು ತೆಗೆದುಕೊಂಡು ಒಳಗಿನ ಭಾಗಗಳಿಗೆ ಹಂಚುವಂಥದ್ದು.

"ಇದು ಅಡಿಗಿ ಮನಿ ಇದ್ದಂಗ ದೊಡ್ಡವ್ವ. ಯಾರಿಗೆ ಎಷ್ಟು ಬಡಿಸಬೇಕೋ ಅಷ್ಟು ಬಡಸ್ತೈತಿ" ಎಂದು ಚನ್ನು ನನಗೆ ತಿಳಿಯುವಂತೆ ಹೇಳಿದ.

ಅವನು ಮುಂದಿಟ್ಟ ಡಬ್ಬಿಯ ಮೇಲಿನ ಚೀಟಿಯನ್ನು ಜಾಸ್ಮಿನ್ ಓದಿ, ಇದೇ ಸರಿ ಎಂದಳು. ಆಗ ಅಕ್ರಮ್ ಅದನ್ನು ಅಂಗೈಯಲ್ಲಿಟ್ಟು ಮೇಲಕ್ಕೂ ಕೆಳಕ್ಕೂ ಆಡಿಸಿ ಕೆಳಗಿಟ್ಟುಬಿಟ್ಟ.

"ಏನ್ರೀ ಇದು, ಖಾಲಿ ಡಬ್ಬಿ ಇದ್ದಂಗೈತಿ."

ಆಗಿನ ಬಳ್ಳಾರಿಯನ್ನು ನೋಡದವರಿಗೆ ಇದು ವಿಚಿತ್ರ ಅನಿಸಬಹುದು. ಅದಿರಿಗೆ ಬೆಲೆ ಬಂದ ಮೇಲೆ ಊರಿಗೆ ಊರೇ ಅದಿರಿನ ಪರೀಕ್ಷಕನಾಗಿತ್ತು. ಮೇಷ್ಟ್ರು, ಔಷಧಿ ಅಂಗಡಿಯವರು, ಮದುವೆಗೆ ಬಂದ ಬೀಗರು ಕೂಡ ದಾರಿಯಲ್ಲಿ ಲಾರಿಯಿಂದ ಉದುರಿದ ಕಲ್ಲನ್ನು ಎತ್ತಿ, ಅಂಗೈಯಲ್ಲಿ ತೂಗಿ, ಇದು ಇಂಥ ಗ್ರೇಡು ಎಂದು ಹೇಳುವವರೇ. ಭಾರವಾಗಿದ್ದರೆ ಕಬ್ಬಿಣ ಹೆಚ್ಚು, ಹಗುರಾದರೆ ಬರೀ ಮಣ್ಣು. ತರಕಾರಿಯವಳೂ ಹಾಗೇ ಬದನೆಕಾಯಿ ಎತ್ತಿ ತೋರಿಸುತ್ತಿದ್ದಳು. ಅಕ್ರಮ್‌ಗಂತೂ ಅದು ಹೊಟ್ಟೆಪಾಡು. ಅವನು ಎತ್ತಿ ನೋಡಿ ಹೇಳಿದ್ದಕ್ಕೂ ಪ್ರಯೋಗಾಲಯದವರು ಹೇಳಿದ್ದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ ಎಂದು ಯಾರ್ಡಿನಲ್ಲಿ ಹೆಸರಿತ್ತು.

ಅವನ ಕಣ್ಣು ಮೇಲಿನ ಅಟ್ಟದಲ್ಲಿದ್ದ ಇನ್ನೊಂದು ಡಬ್ಬಿಯ ಮೇಲೆ ಬಿತ್ತು. ಹೆಸರಿಲ್ಲದ ಮಾಲು, ಆದರೆ ಎತ್ತಿದರೆ ಕೈ ಜಗ್ಗುವಂಥದ್ದು. ಅದನ್ನೇ ಕೊಡಿ ಎಂದ. ಚನ್ನು ಒಪ್ಪಲಿಲ್ಲ. ಅದು ಕೆಲವೇ ತಿಂಗಳಲ್ಲಿ ಕೆಡುತ್ತದೆ, ಕೆಡುವಾಗ ಉಳಿದ ಭಾಗಗಳನ್ನೂ ಸುಡುತ್ತದೆ, ದೊಡ್ಡವ್ವನ ಮನೆಯವರಿಗೆ ಅದನ್ನು ಕೊಡಲಾರೆ ಎಂದ. ಹಗುರಾದದ್ದು ಹೊಸ ರೀತಿಯಲ್ಲಿ ಮಾಡಿದ್ದು, ಹಳೆಯದರಂತೆ ಅದಕ್ಕೆ ದೊಡ್ಡ ಕಬ್ಬಿಣದ ಸುರುಳಿ ಬೇಕಾಗಿಲ್ಲ ಎಂದು ಬಿಡಿಸಿ ಹೇಳಿದ. ಜಾಸ್ಮಿನ್ ತಲೆಯಾಡಿಸಿದಳು. ಅಕ್ರಮ್ ಆಡಿಸಲಿಲ್ಲ. ದುಡ್ಡು ಕೊಡುವವನು ಅವನು.

ಚನ್ನು ಒಳಗಿನ ಕೋಣೆಗೆ ಹೋಗಿ ಇನ್ನೊಂದು ಡಬ್ಬಿ ತಂದ. ಅದೇ ಕಂಪನಿ, ಅದೇ ನಮೂನೆ, ಆದರೆ ಭಾರವಾಗಿತ್ತು. ಅಕ್ರಮ್ ಎತ್ತಿದ, ಅವನ ಮುಖ ಅರಳಿತು.

"ಹಾಂ, ಇದ್ರಾಗ ಕಬ್ಬಿಣ ಐತಿ ನೋಡ್ರಿ."

ಜಾಸ್ಮಿನ್ ಮಾತ್ರ ಎರಡರ ಚೀಟಿಗಳನ್ನೂ ಪಕ್ಕಪಕ್ಕ ಹಿಡಿದು ಓದಿದಳು. ಎಲ್ಲ ಅಂಕಿಗಳೂ ಒಂದೇ. ಹಾಗಾದರೆ ಭಾರ ಹೇಗೆ ಬೇರೆ ಎಂದು ಕೇಳಿದಳು. ಬೇರೆ ಸಲ ಬಂದ ಮಾಲು, ಸುರುಳಿ ದೊಡ್ಡದು ಹಾಕಿದ್ದಾರೆ ಎಂದ ಚನ್ನು. ತಿರುಪಿನ ಮೇಲೆ ಅಂಟಿಸಿದ ಗ್ಯಾರಂಟಿ ಚೀಟಿ ಹರಿಯದೆ ಹಾಗೇ ಇತ್ತು. ಅಣ್ಣನಿಗೂ ಸಂತೋಷ, ತಾನು ಆರಿಸಿದ್ದೂ ಅದೇ. ಅವಳು ಹೂಂ ಎಂದಳು. ಆಟೋದಲ್ಲಿ ಅಕ್ರಮ್ ಆ ಡಬ್ಬಿ ಕೂಡಿಸಿದ ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ.

ಗುರುವಾರ ಮಧ್ಯಾಹ್ನ. ಬಿಸಿಲಿಗೆ ಬೀದಿಯಲ್ಲಿ ನಾಯಿಗಳೂ ಇರಲಿಲ್ಲ. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಜಾಸ್ಮಿನ್ ತನ್ನ ಕೋಣೆಯಿಂದ ಕೂಗಿ, ಇವತ್ತು ಕಂಪ್ಯೂಟರ್ ಸದ್ದೇ ಮಾಡುತ್ತಿಲ್ಲ, ಎಷ್ಟು ಹಿತವಾಗಿದೆ ನೋಡಿ ಎಂದಳು. ಒಳಗಿನ ಫ್ಯಾನು ದಿನವೂ ಗುಂಯ್ ಎನ್ನುತ್ತಿತ್ತು. ನಾನು ಬಾಗಿಲಿಗೆ ಹೋಗಿ ನಿಂತೆ. ಪರದೆಯ ಮೇಲೆ ಜೇಬಿನ ಆಕಾರ, ಅದರೊಳಗೆ ಬಾಗಿದ ಎರಡು ಗೋಧಿ ತೆನೆಗಳು. ಒಂದೊಂದು ಕಾಳಿಗೂ ಹೊಲಿಗೆಯ ದಿಕ್ಕು ತೋರಿಸುವ ಸಣ್ಣ ಗೆರೆ. ಚೆನ್ನಾಗಿದೆ ಎನ್ನಲು ಬಾಯಿ ತೆರೆದಿದ್ದೆ.

ಢಬ್ ಎಂದಿತು.

ನೀಲಿ ಬೆಳಕು, ಹೊಗೆ, ಕೊಂಬು ಸುಟ್ಟಂಥ ವಾಸನೆ. ಜಾಸ್ಮಿನ್ ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದಿದ್ದಳು. ನನ್ನ ಕಾಲು ಅಲ್ಲಾಡಲಿಲ್ಲ. ಕಾಲೇಜಿನಲ್ಲಿ ನಾನು ಓದಿದ ಯಾವುದೂ ಆ ಕ್ಷಣದಲ್ಲಿ ನನ್ನನ್ನು ಒಂದು ಹೆಜ್ಜೆ ಮುಂದಿಡಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಹೊಲಿಯುತ್ತಿದ್ದ ಅಕ್ತರಬಿ ಓಡಿ ಬಂದಳು. ಕೈಯಲ್ಲಿದ್ದ ಅಳತೆಯ ಮರದ ಪಟ್ಟಿಯಿಂದ ಮೊದಲು ಗೋಡೆಯ ಸ್ವಿಚ್ಚನ್ನು ತಟ್ಟಿ ಆರಿಸಿದಳು. ಆಮೇಲೆ ಮಗಳ ಬಳಿ ಕೂತು ಅವಳ ಹಣೆ, ಕಣ್ಣು, ಕಿವಿ, ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಕಿವಿಯ ಹತ್ತಿರದ ಕೂದಲು ಸೀದಿತ್ತು, ಅಷ್ಟೇ.

ಅಕ್ತರಬಿ ಕೂಗಾಡಲಿಲ್ಲ. ಎದ್ದು ಒಂದು ಹಳೆಯ ದುಪ್ಪಟಿ ತಂದು ಕಂಪ್ಯೂಟರಿನ ಮೇಲೆ ಪೂರ್ತಿ ಹೊದಿಸಿದಳು.

"ಇದು ಈ ಮನ್ಯಾಗ ಬ್ಯಾಡ" ಎಂದಳು.

ಶನಿವಾರ ಎಂದು ಏನೋ ಹೇಳಲು ಹೋದ ಮಗಳಿಗೆ, "ದಾರ ಕತ್ತರಿಸಿ ಬದುಕಾಕ ಆಗಂಗಿಲ್ಲೇನು? ಮಾರಿ ಕಣ್ಣು ನೆಟ್ಟಗಿದ್ರ ತಾನ ಬದುಕಾದು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ನಿಮ್ಮ ಗ್ವಾಡಿ ಕರ್ರಗಾತು ಅಕ್ಕಾರ, ಸುಣ್ಣ ಹಚ್ಚಿಸಿ ಕೊಡ್ತೀನಿ" ಎಂದಳು. ಅಂಥ ಹೊತ್ತಿನಲ್ಲಿ ಅವಳಿಗೆ ನನ್ನ ಗೋಡೆ ಕಂಡಿತ್ತು. ನನಗೆ ಅಳು ಬಂತು.

ಸುದ್ದಿ ತಿಳಿದು ಅಕ್ರಮ್ ಯಾರ್ಡಿನಿಂದ ಅದಿರಿನ ಧೂಳಿಗೆ ಹುಬ್ಬೆಲ್ಲ ಕೆಂಪಾಗಿಸಿಕೊಂಡು ಬಂದ. ತಂಗಿಯನ್ನು ನೋಡಿದ, ಕಂಪ್ಯೂಟರಿನಿಂದ ಆ ಡಬ್ಬಿಯನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿದ. ಅವನ ಕೋಪ ಕಂಡು, ಜೊತೆಗೆ ಹೋಗುವುದೇ ಒಳ್ಳೆಯದೆಂದು ನಾನೂ ಆಟೋ ಹತ್ತಿದೆ.

ಟವೆಲು ಬಿಚ್ಚಿದ ಕೂಡಲೇ ಚನ್ನು ಕೇಳಿದ ಮೊದಲ ಮಾತು ಜಾಸ್ಮಿನ್‌ಗೆ ಏನಾಯಿತು ಎಂದು. ಏನೂ ಆಗಿಲ್ಲ ಎಂದಾಗ ಗೋಡೆಗೆ ಒರಗಿ ನಿಂತ. ಮರುಕ್ಷಣವೇ ಹೊಸದು ಕೊಡುತ್ತೇನೆ, ನಾನೇ ಬಂದು ಕೂಡಿಸುತ್ತೇನೆ, ಬೇರೇನಾದರೂ ಸುಟ್ಟಿದ್ದರೆ ಅದನ್ನೂ ಹಾಕಿಕೊಡುತ್ತೇನೆ ಎಂದ. ಒಂದು ಪ್ರಶ್ನೆ ಇಲ್ಲ, ಒಂದು ವಾದ ಇಲ್ಲ. ಎಂಥ ಒಳ್ಳೆಯ ಹುಡುಗ ಎಂದುಕೊಂಡೆ. ಅವನು ಕೊಟ್ಟ ಚಹಾದ ಲೋಟ ನನ್ನ ಕೈಯಲ್ಲಿತ್ತು.

"ಬಿಚ್ಚರಿ ಅದನ್ನ" ಎಂದ ಅಕ್ರಮ್.

"ಬಿಡ್ರಿ ಅಣ್ಣ, ಸತ್ತೈತದು."

"ಹೆಂಗ ಸತ್ತೈತಿ ನೋಡಾನ."

ಚನ್ನು ತಿರುಪುಳಿಯನ್ನು ಹುಡುಕುತ್ತಲೇ ಇದ್ದ. ಅದು ಅವನ ಕಣ್ಣೆದುರಿಗೇ ಇತ್ತು. ಕೊನೆಗೆ ಅಕ್ರಮ್ ತಾನೇ ಅದನ್ನು ಎತ್ತಿಕೊಂಡ. ಡಬ್ಬಿಯನ್ನು ತಿರುಗಿಸುವಾಗ ಒಳಗೆ ಏನೋ ಅಲುಗಿದ ಸದ್ದಾಯಿತು. ಮುಚ್ಚಳ ತೆಗೆದರೆ, ಫ್ಯಾನಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡು, ಕಪ್ಪು ಟೇಪು ಸುತ್ತಿದ ನಿಂಬೆಹಣ್ಣಿನ ಗಾತ್ರದ ಒಂದು ಗಟ್ಟಿ. ಕಾವಿಗೆ ಟೇಪು ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ಅಕ್ರಮ್ ಅದನ್ನು ಕಿತ್ತು ಟೇಪು ಸುಲಿದ. ಅಂಗೈಯಲ್ಲಿ ಇಟ್ಟುಕೊಂಡ. ಅಭ್ಯಾಸದಿಂದ ಅವನ ಕೈ ಮೇಲೆ ಕೆಳಗೆ ಆಡಿತು.

"ಚಲೋ ಗ್ರೇಡೈತಿ" ಎಂದ.

ತನ್ನ ಮಾತು ತನಗೇ ಕೇಳಿಸಿ ಅವನು ಹಾಗೇ ನಿಂತುಬಿಟ್ಟ. ಕಲ್ಲು. ರಸ್ತೆಯಲ್ಲಿ ಬೇಕಾದಷ್ಟು ಬಿದ್ದಿರುವ ಅದಿರಿನ ಕಲ್ಲು. ನಾನು ಕಲ್ಲನ್ನು ನೋಡಿದೆ, ಚನ್ನುವನ್ನು ನೋಡಿದೆ. ಕಂಪನಿಯವರು ಹಾಕಿರಬೇಕು ಎಂದು ಅವನು ಹೇಳಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಅವನು ಹೇಳಲಿಲ್ಲ.

"ನಾನ ಇಟ್ಟೀನಿ ದೊಡ್ಡವ್ವ. ಮೋಸಕ್ಕಲ್ಲ."

ಆಮೇಲೆ ನೆಲ ನೋಡುತ್ತ ಎಲ್ಲ ಹೇಳಿದ. ಹೊಸ ನಮೂನೆಯದು ನಿಜವಾಗಿ ಒಳ್ಳೆಯದು, ತನ್ನ ಅಂಗಡಿಯ ಕಂಪ್ಯೂಟರಿಗೂ ಅದನ್ನೇ ಹಾಕಿದ್ದಾನೆ. ಆದರೆ ಬಂದವರೆಲ್ಲ ಅದನ್ನು ಎತ್ತಿ, ಹಗುರ ಎಂದು ಬಿಟ್ಟು, ಭಾರದ ಕೆಟ್ಟ ಮಾಲನ್ನೇ ಕೇಳಿ ಒಯ್ಯುತ್ತಿದ್ದರು. ಅದು ಸುಟ್ಟು, ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಕಂಪ್ಯೂಟರನ್ನು ಹೊತ್ತುಕೊಂಡು ಅಳುತ್ತ ಬರುತ್ತಿದ್ದರು. ಹೇಳಿ ಹೇಳಿ ಸಾಕಾಗಿ, ಒಂದು ದಿನ ಒಳ್ಳೆಯ ಡಬ್ಬಿಯನ್ನೇ ಬಿಚ್ಚಿ ಒಳಗೊಂದು ಕಲ್ಲು ಅಂಟಿಸಿದ. ಗ್ಯಾರಂಟಿ ಚೀಟಿ ತಾನೇ ಮುದ್ರಿಸಿ ಮೇಲೆ ಹಚ್ಚಿದ. ಅವತ್ತೇ ಅದು ಮಾರಾಟವಾಯಿತು. ಎಲ್ಲರ ಮನೆಗೂ ಒಳ್ಳೆಯ ಮಾಲು ಹೋಗುತ್ತಿದೆಯಲ್ಲ ಎಂದು ಅವನಿಗೆ ಸಮಾಧಾನವಾಗಿತ್ತಂತೆ. ಬಳ್ಳಾರಿಯ ಬೇಸಿಗೆಗೆ ಅಂಟು ಬಿಡುತ್ತದೆ, ಕಲ್ಲು ಫ್ಯಾನಿಗೆ ಬಿದ್ದು ಅದನ್ನು ನಿಲ್ಲಿಸುತ್ತದೆ, ಗಾಳಿಯಿಲ್ಲದೆ ಡಬ್ಬಿ ಕಾದು ಸಿಡಿಯುತ್ತದೆ ಎಂಬುದನ್ನು ಅವನು ಯೋಚಿಸಿರಲಿಲ್ಲ.

ನಾನು ಜೀವನದಲ್ಲಿ ಜನರ ಒಳ್ಳೆಯತನವನ್ನೇ ಗುರುತಿಟ್ಟುಕೊಂಡು ಬಂದವಳು. ಕುರ್ಚಿ ಒರೆಸಿದ್ದು, ಸಕ್ಕರೆ ಕಡಿಮೆ ಹಾಕಿಸಿದ್ದು, ಕೆಟ್ಟ ಮಾಲು ಕೊಡೆನೆಂದದ್ದು. ಅದೇ ಮನಸ್ಸು, ಅದೇ ಕೈ ಈ ಕಲ್ಲನ್ನೂ ಇಟ್ಟಿತ್ತು. ಇದನ್ನು ಯಾವ ಹೆಸರಿನಿಂದ ಕರೆಯಬೇಕೋ ನನಗೆ ತಿಳಿಯಲಿಲ್ಲ. ಇಂಥವು ಇನ್ನೂ ಎಲ್ಲೆಲ್ಲಿಗೆ ಹೋಗಿವೆ ಎಂದು ಮಾತ್ರ ಕೇಳಿದೆ.

"ಸಿರುಗುಪ್ಪಕ್ಕ ಹೋಗ್ಯಾವ" ಎಂದ. ಸ್ವಲ್ಪ ತಡೆದು, "ಕುರುಗೋಡಿಗೆ ಹೋಗೈತಿ" ಎಂದ. ಸಿರುಗುಪ್ಪದ್ದು ಸಾಲಿ ಮಕ್ಕಳು ಬಂದು ಕೂರುವ ಕಂಪ್ಯೂಟರ್ ಸೆಂಟರು. ಹೇಳುತ್ತ ಹೇಳುತ್ತ ಅವನ ತುಟಿ ಬಿಳಿಚಿಕೊಂಡಿತು. ಅಲ್ಲೂ ಕಲ್ಲು ಬಿಟ್ಟುಕೊಂಡರೆ ಏನಾಗುತ್ತದೆಂದು ಅವನಿಗೆ ಹೊಳೆದದ್ದು ಆಗಲೇ.

ಅಕ್ರಮ್ ಕೈ ಎತ್ತುತ್ತಾನೆಂದು ನಾನು ಹೆದರಿದ್ದೆ. ಅವನು ಕಲ್ಲನ್ನು ಮೇಜಿನ ಮೇಲಿಟ್ಟು, "ನಾನು ಎತ್ತಿ ನೋಡಲಾರದ ಇದ್ರ ನೀವು ಕಲ್ಲು ಹಾಕಿದ್ದು ತರ್ತಿದ್ದಿಲ್ಲ" ಎಂದಷ್ಟೇ ಹೇಳಿ ಕೂತ.

ಚನ್ನು ಹಗುರಾದ ಕೆಲವು ಡಬ್ಬಿಗಳನ್ನು ಚೀಲಕ್ಕೆ ಹಾಕಿ, ಅಂಗಡಿಯ ಬಾಗಿಲು ಎಳೆದು, ಒಂದನ್ನು ಮುಚ್ಚಳ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ನಮ್ಮ ಜೊತೆ ಬಂದ. ಅಕ್ತರಬಿಯ ಮುಂದೆ ನಿಂತು ತಾನೇ ಎಲ್ಲ ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಅಕ್ತರಬಿ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಕಲ್ಲಾ?" ಎಂದಳು.

ಜಾಸ್ಮಿನ್ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳು ದುಪ್ಪಟಿ ಹೊದಿಸಿದ ಕಂಪ್ಯೂಟರಿನ ಕಡೆ ಒಮ್ಮೆ ನೋಡಿದಳು. ಅದನ್ನು ತಾಯಿಯೂ ನೋಡಿದಳು.

"ಕೂಡಸ್ರಿ" ಎಂದಳು ಅಕ್ತರಬಿ. "ಆದ್ರ ನನ್ನ ಮಗಳು ಅದರ ಮುಂದ ಕುಂತಿರೋತನ ನೀವು ಅದರ ಮ್ಯಾಲ ಕೈ ಇಟಗೊಂಡು ಕುಂದ್ರಬೇಕು. ನೀವು ಕೈ ತಗದ್ರ ಅದು ಬೀದಿಗೆ."

ಹಾಗೆ ಚನ್ನು ಕೂತ. ಡಬ್ಬಿ ಕೂಡಿಸಿ, ಸ್ವಿಚ್ಚನ್ನು ತಾನೇ ಹಾಕಿ, ಎಡಗೈಯನ್ನು ಕಂಪ್ಯೂಟರಿನ ಬೆನ್ನಿಗೆ ಇಟ್ಟುಕೊಂಡು ನೆಲದ ಮೇಲೆ ಕೂತ. ಪುಣ್ಯಕ್ಕೆ ಬೇರಾವ ಭಾಗವೂ ಸುಟ್ಟಿರಲಿಲ್ಲ. ಜಾಸ್ಮಿನ್ ಸ್ಟೂಲನ್ನು ಹಿಂದಕ್ಕೆ ಎಳೆದು, ತೋಳು ನೀಳ ಚಾಚಿ ಕೆಲಸ ಶುರುಮಾಡಿದಳು. ಬೀದಿಯಲ್ಲಿ ಒಂದು ಪಾತ್ರೆ ಬಿದ್ದರೂ ಅವಳ ಕೈ ಹಾರುತ್ತಿತ್ತು. ಗೆರೆ ಸೊಟ್ಟಾದರೆ ಅಳಿಸಿ ಮತ್ತೆ ಎಳೆಯುತ್ತಿದ್ದಳು.

ಬಲಗೈಯಲ್ಲಿ ಮೊಬೈಲು ಹಿಡಿದು ಚನ್ನು ಸಿರುಗುಪ್ಪಕ್ಕೆ ಫೋನು ಮಾಡಿದ. ಸೆಂಟರಿನ ಚಂದ್ರಣ್ಣ ಕೂಡಲೇ ಎಲ್ಲ ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿದನಂತೆ. ಆಮೇಲೆ ಕುರುಗೋಡು. ಅಲ್ಲಿನ ಮಲ್ಲಯ್ಯ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್, ಟೈಪಿಂಗ್ ಇಟ್ಟುಕೊಂಡವನು. ಅವನ ದನಿ ಎಷ್ಟು ದೊಡ್ಡದೆಂದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಇಷ್ಟ ದಿನ ಚಲೋ ಓಡಾಕತ್ತೈತಲೇ ತಮ್ಮ. ಭಾರದ್ದು ಇಸಗೊಂಡು ಹಗುರದ್ದು ಕೊಡ್ತೀಯೇನು? ನನಗಿಂತ ಹೆಚ್ಚಿಗಿ ಕೊಡೋ ಗಿರಾಕಿ ಸಿಕ್ಕಾನ ಕಾಣ್ತೈತಿ."

ಒಳಗೆ ಕಲ್ಲಿದೆ ಎಂದು ಚನ್ನು ಬಾಯಿಬಿಟ್ಟು ಹೇಳಿದ.

"ಕಲ್ಲಿದ್ರ ಇನ್ನೂ ಚಲೋ ಆತು. ಈಗ ಅದಕ್ಕ ರೇಟೈತಿ" ಎಂದು ಮಲ್ಲಯ್ಯ ನಕ್ಕು ಫೋನು ಇಟ್ಟ.

ಕೋಣೆಯಲ್ಲಿ ಯಾರೂ ನಗಲಿಲ್ಲ. ಚನ್ನು ಏಳಲು ಹೋದ, ಅಕ್ತರಬಿಯ ಕಡೆ ನೋಡಿ ಮತ್ತೆ ಕೂತ. ಆಗ ಅಕ್ರಮ್ ಎದ್ದು, ತಿರುಪುಳಿ ಮತ್ತು ಹಗುರಾದ ಇನ್ನೊಂದು ಡಬ್ಬಿ ತೆಗೆದುಕೊಂಡು ಬೈಕು ಹತ್ತಿದ. ಲಾರಿಗಳ ಸಾಲಿನ ನಡುವೆ ಕುರುಗೋಡಿಗೆ ಹೋಗಿ, ರಾತ್ರಿಗೆ ತಿರುಗಿ ಬಂದ. ಮಲ್ಲಯ್ಯನ ಡಬ್ಬಿಯನ್ನು ಅವನ ಎದುರಿಗೇ ಬಿಚ್ಚಿದನಂತೆ. ಕಲ್ಲು ಅರ್ಧ ಬಿಟ್ಟುಕೊಂಡು ಫ್ಯಾನಿನ ಮೇಲೆ ತೂಗುತ್ತಿತ್ತು. ಆ ಕುರ್ಚಿಯಲ್ಲಿ ದಿನವೂ ಕೂತು ಟೈಪ್ ಮಾಡುವವಳು ಅವನ ಹೆಂಡತಿ. ಅಕ್ರಮ್‌ನನ್ನು ಊಟ ಮಾಡಿಸದೆ ಅವನು ಬಿಡಲಿಲ್ಲ.

ಶುಕ್ರವಾರವೂ ಚನ್ನು ಬಂದು ಕೂತ. ಅಂಗಡಿ ಮುಚ್ಚಿಯೇ ಇತ್ತು. ಊಟದ ಹೊತ್ತಿಗೆ ಅಕ್ತರಬಿ ತಟ್ಟೆಯನ್ನು ಅವನ ಬಲಗೈಗೆ ಎಟುಕುವಲ್ಲಿ ಇಟ್ಟಳು, ರೊಟ್ಟಿಯನ್ನು ಮೊದಲೇ ಮುರಿದಿದ್ದಳು, ಒಂದು ಕೈಯಲ್ಲಿ ಮುರಿಯಲು ಆಗುವುದಿಲ್ಲವೆಂದು. ಆದರೆ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಜಾಸ್ಮಿನ್‌ನ ಸ್ಟೂಲು ಯಾವಾಗಲೋ ಮುಂದಕ್ಕೆ ಬಂದಿತ್ತು.

ಶನಿವಾರ ಬೆಳಿಗ್ಗೆ ಅವಳು ಚಿತ್ರಗಳನ್ನು ಒಯ್ದು ಕೊಟ್ಟೂರಪ್ಪನಿಗೆ ತೋರಿಸಿದಳು. ಅವನು ಕೆಲವನ್ನು ಬೇಡವೆಂದ, ಗೋಧಿ ತೆನೆಯದನ್ನು ಎರಡು ಸಲ ನೋಡಿದ. ಮುಂದಿನ ವಾರದ್ದು ಯಾವಾಗ ತರುತ್ತೀ ಎಂದು ಕೇಳಿದನಂತೆ. ಓಡೋಡಿ ಬಂದು ಅದನ್ನು ಹೇಳುವಾಗ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಅಕ್ತರಬಿ ಯಂತ್ರ ನಿಲ್ಲಿಸಿ ಕೇಳಿದಳು, ಮತ್ತೆ ಹೊಲಿಯತೊಡಗಿದಳು.

ಚನ್ನು ಅವತ್ತೂ ಬಂದಿದ್ದ. ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಜಾಸ್ಮಿನ್ ಸ್ವಿಚ್ಚು ಹಾಕಿ ಕೂತ ಕೂಡಲೇ ತಾನೂ ತನ್ನ ಜಾಗದಲ್ಲಿ ಕೂತು ಕೈ ಇಟ್ಟ. ಒಳಗೆ ಫ್ಯಾನು ಗುಂಯ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಕ್ತರಬಿ ಚಹಾ ತಂದು ಅವನ ಮುಂದಿಟ್ಟು, ಹೋಗದೆ ಅಲ್ಲೇ ನಿಂತಳು. ಮಗಳನ್ನು ನೋಡಿದಳು. ಜಾಸ್ಮಿನ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ಹೊಸದೊಂದು ಗೆರೆ ಎಳೆಯುತ್ತಿದ್ದಳು. ತಾಯಿ ಬಂದದ್ದೂ ಅವಳಿಗೆ ತಿಳಿದಿರಲಿಲ್ಲ.

"ಕೈ ತಗೀರಿ ಇನ್ನ" ಎಂದಳು ಅಕ್ತರಬಿ. "ಚಾ ಆರ್ತೈತಿ."